ದೀಪ ಇಟ್ಟ ತಿಪ್ಪೆ

ಗದ್ವಾಲದ ಬಾಡಿಗೆ ಮನೆಯ ಬೀಗದ ಕೈ ಕೊಡುವಾಗ ಮುಂಭಾಗದಲ್ಲೇ ವಾಸವಿದ್ದ ಒಡತಿ ಪದ್ಮಮ್ಮ ಅದರ ಜೊತೆ ಒಂದು ಬೆಂಕಿಪೊಟ್ಟಣವನ್ನೂ ನನ್ನ ಕೈಗಿಟ್ಟರು. ಹೊಸ ಮನೆಯಲ್ಲಿ ದೀಪ ಹಚ್ಚಲು ಕೊಟ್ಟರೆಂದು ಕಣ್ಣಿಗೊತ್ತಿಕೊಂಡೆ. ಅವರು ಹಿತ್ತಲಿನ ಬೇವಿನ ಮರದ ಕಡೆ ಬೆರಳು ತೋರಿಸಿದರು.

"ಕಸ ಅಲ್ಲಿ ಸುಡ್ರಿ. ದಿನಾ ಸಂಜಿಗೆ ಸುಟ್ರ ಮನಿ ಚೊಕ್ಕ ಇರ್ತೈತಿ."

ಹತ್ತಿ ಬೀಜದ ಕಂಪನಿಯ ಕೆಲಸ ನನ್ನನ್ನು ಗಡಿಯಾಚೆಯ ಈ ತೆಲುಗು ಸೀಮೆಗೆ ತಂದಿತ್ತು. ರಾಜ್ಯ ಹೊಸದು, ಜಿಲ್ಲೆ ಅದಕ್ಕಿಂತ ಹೊಸದು, ಕಚೇರಿಗಳ ಫಲಕದ ಬಣ್ಣ ಇನ್ನೂ ಹಸಿ. ಸಂಜೆಯ ಹೊಗೆ ಮಾತ್ರ ಹಳೆಯದು. ಹೊಲದಲ್ಲಿ ಹತ್ತಿ ಕಟ್ಟಿಗೆ ಸುಡುತ್ತಾರೆ, ಹಿತ್ತಲಲ್ಲಿ ಎಲೆ ಸುಡುತ್ತಾರೆ, ಬೆಳಗಾದರೆ ಮಣ್ಣಿನಲ್ಲಿ ಸತ್ವ ಇಲ್ಲ ಎಂದು ನಮ್ಮ ಕಂಪನಿಗೇ ಬಂದು ಗೊಣಗುತ್ತಾರೆ. ತುಮಕೂರು ಕಡೆಯ ನಮ್ಮ ಹಳ್ಳಿಯಲ್ಲಿ ಒಣಗಿದ ಎಲೆಗೆ ಬೆಂಕಿ ಇಟ್ಟವರನ್ನು ಅಜ್ಜಿ ಆ ಹೊತ್ತು ಊಟಕ್ಕೆ ಕರೆಯುತ್ತಿರಲಿಲ್ಲ. ನನಗೆ ಮೈ ಉರಿಯಿತು.

ಭಾಷೆಗೆ ಹೆದರಿ ಬಂದಿದ್ದೆ. ಆದರೆ ತರಕಾರಿಯವರು ತೆಲುಗಿನಲ್ಲಿ ಶುರುಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳುತ್ತಿದ್ದರು. ಬಾಡಿಗೆಗೆ ಕಿರಾಯಿ ಎನ್ನಬೇಕೆಂದು ಮೊದಲ ವಾರವೇ ತಿಳಿಯಿತು. ತಿಪ್ಪೆಗೆ ತೆಲುಗಿನಲ್ಲಿ ಪೆಂಟ ಎಂಬುದನ್ನು ಕಲಿಸಿದ್ದು ಪಕ್ಕದ ಮನೆಯವರು, ಅದೂ ಬೈಯುತ್ತಾ. "ಇಂಟ್ಲೋ ಪೆಂಟ!" ಮನೆಯೊಳಗೇ ತಿಪ್ಪೆ ಮಾಡುತ್ತಾಳಲ್ಲ ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದರು.

ಮಾಡಿದ್ದೆ, ನಿಜ. ಊರಿನಲ್ಲಾದರೆ ಕೊಟ್ಟಿಗೆಯ ಸಗಣಿ, ಗಂಜಲ ಬಿದ್ದು ಎಲ್ಲ ತಾನಾಗಿ ಕೊಳೆಯುತ್ತದೆ. ಈ ಬಿಸಿಲಿನಲ್ಲಿ ಸೊಪ್ಪು ಕೊಳೆಯುವ ಮೊದಲೇ ಹಪ್ಪಳವಾಗುತ್ತದೆ, ಕಡ್ಡಿಯಂತೂ ವರ್ಷ ಕಳೆದರೂ ಕಡ್ಡಿಯೇ. ಅದಕ್ಕೆ ಕಡ್ಡಿ ಎಲೆಗಳನ್ನು ಪುಡಿ ಮಾಡುವ ಶ್ರೆಡ್ಡರ್ ತರಿಸಿದೆ. ಬೇವಿನ ನೆರಳಿನಲ್ಲಿ, ಗಾಳಿಯಾಡಲು ಸಂದು ಬಿಟ್ಟು ಇಟ್ಟಿಗೆ ಜೋಡಿಸಿ, ಮೂರು ಗೂಡು ಕಟ್ಟಿದೆ. ಒಂದು ತುಂಬಲು, ಒಂದು ಮಾಗಲು, ಒಂದು ಬಳಸಲು. ಅಡುಗೆಮನೆಯ ಹಸಿ ಕಸ ಒಂದು ಪದರ, ಯಂತ್ರದ ಪುಡಿ ಎರಡು ಪದರ, ಮೇಲೆ ಸಗಣಿ ನೀರು, ಅದರ ಮೇಲೆ ಒದ್ದೆ ಗೋಣಿ. ಭಾನುವಾರ ಮಗುಚುವುದು. ಬತುಕಮ್ಮ ಹಬ್ಬಕ್ಕೆ ಹೂ ಜೋಡಿಸಿ ಬೀದಿಯವರು ಬಿಸಾಡಿದ ತಂಗಡಿ ಹೂವಿನ ಕಡ್ಡಿಗಳನ್ನೆಲ್ಲ ಹೊತ್ತು ತಂದು ಪುಡಿ ಮಾಡಿದೆ. ನಾಲ್ಕು ದಿನಕ್ಕೆ ಕೈ ಇಟ್ಟರೆ ಒಳಗೆ ಬಿಸಿ, ಕೊಳೆಯಲು ಶುರುವಾಗಿತ್ತು. ಪರದೇಶದಲ್ಲಿ ಮೊದಲ ಸಲ ಏನೋ ಗೆದ್ದ ಖುಷಿಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಪದ್ಮಮ್ಮ ಬಂದು ಮೂಗಿಗೆ ಸೆರಗು ಹಿಡಿದು ನಿಂತರು.

"ಇದನ್ನ ಬಿಟ್ಟು ಬರಾಕಂತ ನಾವು ನಮ್ಮ ಹಳ್ಳಿ ಮಾಗನೂರಿಂದ ಇಲ್ಲಿಗೆ ಬಂದೀವಿ. ನೀವು ತಂದು ಮನ್ಯಾಗ ಇಟ್ಟೀರಿ. ತಿಪ್ಪಿ ತೆಗೀರಿ, ಇಲ್ಲಾಂದ್ರ ಮನಿ ಬಿಡ್ರಿ."

"ವಾಸನೆ ಬರುತ್ತಾ? ನೀವೇ ಮೂಸಿ ನೋಡಿ."

"ವಾಸನಿ ಮಾತಲ್ಲರೀ. ನಾಕು ಮಂದಿ ನೋಡಿದ್ರ ಏನಂತಾರ?"

ಬೀದಿಯನ್ನೆಲ್ಲ ಹೊಗೆಯಲ್ಲಿ ಕೆಮ್ಮಿಸುವವರಿಗೆ ನಾಲ್ಕು ಮಂದಿಯ ಚಿಂತೆ! ಸಿಟ್ಟಿನಿಂದ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ದೀಪಾವಳಿ ಬಂತು. ನಮ್ಮ ಕಡೆ ಆ ಸಂಜೆ ತಿಪ್ಪೆಗೂ ದೀಪ ಇಡುತ್ತೇವೆ. ಭಕ್ತಿಯಿಂದ ಇಟ್ಟೆನೆಂದರೆ ಸುಳ್ಳಾದೀತು, ಛಲಕ್ಕೆ ಇಟ್ಟೆ. ಮಾಗುತ್ತಿದ್ದ ಗೂಡಿನ ಮೇಲೆ ಚೆಂಡು ಹೂ ಸಿಕ್ಕಿಸಿ, ಅವರು ಕೊಟ್ಟ ಬೆಂಕಿಪೊಟ್ಟಣದಿಂದಲೇ ಹಣತೆ ಹಚ್ಚಿ, ಅವರು ನೋಡಲೆಂದು ಹಿತ್ತಲ ಬಾಗಿಲು ಪೂರ್ತಿ ತೆರೆದಿಟ್ಟೆ. ಪದ್ಮಮ್ಮ ನೋಡಿದರು. ಸೆರಗು ತಲೆಗೆ ಎಳೆದುಕೊಂಡು ತಮ್ಮ ಮನೆಯೊಳಗೆ ಹೋದರು. ಮನೆ ಬಿಡಿ ಎಂಬ ಮಾತು ಅಂದಿಗೆ ನಿಂತಿತು. ಗೆದ್ದೆ ಅಂದುಕೊಂಡೆ.

ಬೇಸಿಗೆಗೆ ಮುಂಚೆ ನನಗೆ ಅದೇ ಸೀಮೆಯ ಮಕ್ತಲ್‌ಗೆ ವರ್ಗವಾಯಿತು. ಅಲ್ಲೊಂದು ಪುಟ್ಟ ಸ್ವಂತ ಮನೆಯನ್ನೂ ಕೊಂಡೆ. ಹಿತ್ತಲು ಬರೀ ಗರಸು ಕಲ್ಲುಮಣ್ಣು, ಕರಿಬೇವು ನೆಟ್ಟರೂ ಬದುಕುವಂತಿರಲಿಲ್ಲ. ನನ್ನ ಮಾಗಿದ ಗೊಬ್ಬರವೇ ಅದಕ್ಕೆ ಗತಿ ಎಂದು ಚೀಲಗಳನ್ನು ತಂದರೆ, ಗೂಡಿನ ಮುಂದೆ ಪದ್ಮಮ್ಮ ಅಡ್ಡ ನಿಂತಿದ್ದರು.

"ದೀಪ ಇಟ್ಟ ಮ್ಯಾಲ ಆಕಿ ಈ ಮನಿ ಲಕ್ಷ್ಮಿ. ಹೊಸ್ತಿಲ ದಾಟಿಸಾಕ ಬರಂಗಿಲ್ಲ."

"ಕಸ ಹೊತ್ತವಳು ನಾನು! ಮಗುಚಿದವಳು ನಾನು! ತೆಗೆದು ಎಸೆಯಿರಿ ಅಂದವರು ನೀವು!"

"ದೀಪ ಇಟ್ಟಾಕಿನೂ ನೀನ ಅಲ್ಲೇನು?" ಅದುವರೆಗಿನ 'ರೀ' ಎಲ್ಲೋ ಬಿದ್ದುಹೋಗಿತ್ತು. "ಕೇಳ್ ತಂಗಿ. ನನ್ನ ಹೆಸರು ಪದ್ಮಮ್ಮ ಅಲ್ಲ, ತಿಪ್ಪವ್ವ. ನನಗಿಂತ ಮೊದಲ ಹುಟ್ಟಿದ ಕೂಸುಗಳು ಒಂದೂ ಉಳೀಲಿಲ್ಲಂತ ನನ್ನನ್ನ ತಿಪ್ಪಿ ಮ್ಯಾಲ ಮಲಗಿಸಿ ಎತ್ತಿಕೊಂಡು ಆ ಹೆಸರಿಟ್ರು. ನಾ ಉಳದೆ. ಇಲ್ಲಿಗೆ ಬಂದ ಮ್ಯಾಲ ಮಂದಿ ನಕ್ಕರಂತ ಹೆಸರು ಬದಲಿಸಿದೆ. ಇಷ್ಟು ವರ್ಷಕ್ಕ ಆ ತಿಪ್ಪಿ ತಾಯಿ ತಾನಾಗಿ ಮನಿಗೆ ಬಂದಾಳ. ಈಗ ಹೆಂಗ ಕಳಸ್ಲಿ?"

ಗೂಡಿಗೆ ಕೈ ಹಾಕಲು ಮನಸ್ಸಾಗಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು. ಶ್ರೆಡ್ಡರನ್ನೊಂದೇ ಆಟೋಗೆ ಏರಿಸಿ, ಖಾಲಿ ಚೀಲಗಳನ್ನು ಮಡಚಿಕೊಂಡು ಮಕ್ತಲ್‌ಗೆ ಬಂದೆ.

ಈ ಸಲ ಹಬ್ಬಕ್ಕೆ ಊರಿಗೆ ಬಾ ಎಂದು ಅಮ್ಮ ತುಮಕೂರಿನಿಂದ ಕರೆಯುತ್ತಿದ್ದಾಳೆ. ಮಕ್ತಲ್‌ನ ಸ್ವಂತ ಮನೆಯಲ್ಲಿ ಮೊದಲ ದೀಪಾವಳಿ, ಅಲ್ಲೂ ದೀಪ ಹಚ್ಚಬೇಕು. ಆದರೆ ನಿನ್ನೆ ತಿಪ್ಪವ್ವನ ಫೋನು ಬಂತು. "ದೀಪ ಇಡಾಕ ಬರ್ತೀಯಿಲ್ಲ?" ಎಂದರು. ಎಂಥ ದರ್ಪ! ನನ್ನ ಗೊಬ್ಬರ ಕಸಿದುಕೊಂಡು, ಅದಕ್ಕೆ ನಾನೇ ಹೋಗಿ ದೀಪ ಇಡಬೇಕಂತೆ. ಬೈಯುತ್ತಲೇ ಬಸ್ಸಿನ ಹೊತ್ತು ವಿಚಾರಿಸಿದೆ. ಬೈಯುತ್ತಲೇ ಆ ಬೆಂಕಿಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ.