ಕೋಡಿ ಮುಚ್ಚಿದ ತೋಟ

ಕೊರೊನಾ ಮುಗದ ಮರುವರ್ಷದ ಮುಂಗಾರಿ ಅದು. ಆಗ ನಾನು ಕುಷ್ಟಗಿಯೊಳಗ ಸಣ್ಣದೊಂದು ನರ್ಸರಿ ಇಟ್ಟುಕೊಂಡು, ಮಂದಿಗೆ ಮನಿ ಸುತ್ತ ತೋಟ ಹಾಕಿಕೊಡೋ ಕೆಲಸ ಮಾಡ್ತಿದ್ದೆ. ಈಗೂ ಅದ ಮಾಡ್ತೀನಿ. ಮೊದಲ ದಾಳಿಂಬ್ರಿ ತೋಟದಾಗ ಕೂಲಿ ಮಾಡಿ ಕೆಲಸ ಕಲತವ. ಸಾಲಿ ಕಲತದ್ದು ಆಮ್ಯಾಲೆ, ಮೂವತ್ತು ದಾಟಿದ ಮ್ಯಾಲೆ. ಹೊರಗಿನಿಂದ ಪರೀಕ್ಷಾ ಕಟ್ಟಿ ಹತ್ತನೇತ್ತ ಪಾಸಾಗಿ, ತೋಟಗಾರಿಕೆ ತರಬೇತಿ ಸರ್ಟಿಫಿಕೇಟ್ ತಗೊಂಡೆ. ಭಾಳ ತೋಟ ಹಾಕೀನಿ. ಬರದು ಇಡಬೇಕು ಅನಿಸಿದ್ದು ಇದೊಂದ. ಛಲೋ ಬಂತು ಅಂತ ಅಲ್ಲ. ಇಬ್ಬರು ಹಿರೇ ಮನಷ್ಯಾರು ಕೂಡಿ ಅದನ್ನ ಮುಳುಗಿಸಿದ್ರು ಅಂತ.

ಶರಣಪ್ಪ ಸಾಹೇಬ್ರು ಅಂತ, ನೀರಾವರಿ ಇಲಾಖೆಯೊಳಗ ವರ್ಕ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವರು. ಸರ್ವಿಸ್ ತುಂಬ ಗಂಗಾವತಿ, ಕಾರಟಗಿ ಕಡಿ ಕಾಲುವಿ ಗೇಟ್ ಎತ್ತಿಸಿ ಮಂದಿ ಗದ್ದಿಗೆ ನೀರು ಬಿಟ್ಟವರು. ಪೆನ್ಷನ್ ಬಂದ ಮ್ಯಾಲೆ ಯಲಬುರ್ಗಾ ರಸ್ತಾಕ್ಕ ಹತ್ತಿದ ತಮ್ಮ ಪಾಲಿನ ಹೊಲದಾಗ ಮನಿ ಕಟ್ಟಿಸಿದ್ರು. ಗೇಟಿನ ಮುಂದ ಕಾರು ಹತ್ತಲಿಕ್ಕೆ ಸಿಮೆಂಟಿನ ಇಳಕಲು ಹಾಕಿಸಿ, ಅದರ ನಡುವ ತಮ್ಮ ಹೆಸರು ಕೆತ್ತಿದ ಗ್ರಾನೈಟ್ ಕೂಡ್ರಿಸಿದ್ರು. ಹೆಸರಿನ ಮ್ಯಾಲೆ ಟೈರ್ ಹಾಯ್ತಾವಲ್ರೀ ಅಂತ ನಾನು ಕೇಳಲಿಲ್ಲ.

ತೋಟ ಬೇಕಾಗಿದ್ದು ಅವರಿಗಲ್ಲ, ಅವರ ಹೆಂಡ್ತಿ ಗಿರಿಜಮ್ಮಾರಿಗೆ. ಆಯಮ್ಮ ಮದಿವ್ಯಾದಾಗಿಂದ ಇದ್ದದ್ದು ಕ್ವಾರ್ಟರ್ಸ್‌ನಾಗ. ಹಚ್ಚಿದ ಗಿಡ ಹೂ ಬಿಡೋ ಹೊತ್ತಿಗೆ ಬದಲಿ ಆರ್ಡರ್ ಬರ್ತಿತ್ತು, ಹಿಂದ ಬಂದ ಸಂಸಾರದವರು ಆ ಹೂ ಹರಕೊಂತಿದ್ರು. ಕಾರಟಗಿಯೊಳಗ ಇದ್ದಾಗ ಹಚ್ಚಿದ ಒಂದು ದುಂಡುಮಲ್ಲಿಗಿ ಮಾತ್ರ ಅವರು ಬಿಟ್ಟು ಬಂದಿರಲಿಲ್ಲ. ಎಣ್ಣಿ ಡಬ್ಬಿಯೊಳಗ ಇಟ್ಟು, ಸಾಮಾನಿನ ಲಾರಿಯಾಗ ತೊಡಿ ಮ್ಯಾಲೆ ಕೂಡ್ರಿಸಿಕೊಂಡು ಊರಿಂದ ಊರಿಗೆ ಒಯ್ದಿದ್ರು. ನಾನು ಹೋದ ಮೊದಲನೇ ದಿವಸ ಆ ಡಬ್ಬಿ ತೋರಿಸಿ ಕೇಳಿದ್ರು:

"ಇದನ್ನ ಇನ್ನ ನೆಲಕ್ಕ ಇಳಿಸಬಹುದಲ್ರೀ? ಇನ್ನೇನು ಬದಲಿ ಆಗಂಗಿಲ್ಲಲ್ಲ."

ಇಳಿಸ್ರಿ ಅಂದೆ.

ಅಲ್ಲಿದ್ದದ್ದು ಎರಿ ಭೂಮಿ. ಎರಿ ಮಣ್ಣು ಬ್ಯಾಸಗಿಯೊಳಗ ಕೈ ಹೋಗುವಷ್ಟು ಬಿರಿತದ. ಮಳಿ ಹತ್ತಿತಂದ್ರ ಉಬ್ಬಿ ಮುಚ್ಚಿಕೊಂಡು, ಒಂದು ಹನಿ ಕೆಳಗ ಇಳಿಗೊಡಂಗಿಲ್ಲ. ಗಿಡಕ್ಕ ನೀರಷ್ಟ ಸಾಲಂಗಿಲ್ಲ, ಬೇರಿಗೆ ಉಸರೂ ಬೇಕು. ನೀರು ನಿಂತ್ರ ಬೇರು ಉಸರುಗಟ್ಟಿ ಕೊಳೀತದ, ಅದಕ್ಕ ರೂಟ್ ರಾಟ್ ಅಂತಾರ. ಹಂಗಾಗಿ ನಾನು ಮೊಣಕಾಲಿನ ಎತ್ತರಕ್ಕ ಮಣ್ಣು ಒಟ್ಟಿ ಏರುಮಡಿ ಮಾಡಿಸಿದೆ. ಮಡಿ ನಡುವ ಬಸಿಗಾಲುವಿ, ಅಂದ್ರ ಹೆಚ್ಚಿನ ನೀರು ಹೊರಗ ಒಯ್ಯೋ ಹರಿ, ತೋಡಿಸಿದೆ. ಲೆವೆಲ್ ಪೈಪ್ ಹಿಡದು ನೋಡಿದ್ರ ಇಳಿಜಾರು ಮೂಡಲ ಕಡಿಗಿತ್ತು. ಆ ಕಡಿ ಒಡ್ಡಿನಾಗ ಕಲ್ಲು ಕಟ್ಟಿ, ನೀರು ಹೊರಬೀಳೋ ಕೋಡಿ ಇಟ್ಟೆ. ಪಪ್ಪಾಯಿ, ಲಿಂಬಿ, ಕರಿಬೇವು, ನುಗ್ಗಿ, ಚೆಂಡು ಹೂವು, ಎಲ್ಲಾ ಹಚ್ಚಿದ್ವಿ. ಅಡಗಿಮನಿ ಕಿಟಕಿಗೆ ಕಾಣೋ ಮಡಿಯಾಗ ಮಲ್ಲಿಗಿ ಇಳಿಸಿದ್ವಿ. ಗಿರಿಜಮ್ಮಾರು ಖಾಲಿ ಡಬ್ಬಿ ತೊಳದು ಮಾಳಿಗಿ ಮ್ಯಾಲೆ ಬೋರಲ ಹಾಕಿ ಬಂದ್ರು.

ಒಡ್ಡಿನ ಆಚಿಗೆ ಇದ್ದದ್ದು ವೀರಭದ್ರಪ್ಪನ ಹೊಲ. ಶರಣಪ್ಪ ಸಾಹೇಬ್ರಿಗೆ ಆತ ಚಿಕ್ಕಪ್ಪನ ಮಗ. ಆತನ ಕೃಷಿ ಹೊಂಡ ನಮ್ಮ ಕೋಡಿಗೆ ನೆಟ್ಟಗ ಕೆಳಗ. ಇವರಿಬ್ಬರಿಗೆ ಮಾತಿಲ್ಲ ಅಂತ ನನಗ ಯಾರೂ ಹೇಳಿರಲಿಲ್ಲ. ಬದುವಿನ ಮ್ಯಾಲಿನ ಒಂದು ಬೇವಿನ ಗಿಡದ ಟೊಂಗಿ ಯಾರು ಕಡದ್ರು ಅನ್ನೋದರಾಗ ಮಾತು ಬಿಟ್ಟಿದ್ರಂತ. ಆ ಗಿಡ ಬಿದ್ದು, ಒಲಿಗೆ ಹೋಗಿ, ಬೂದಿ ಆಗಿ ಎಷ್ಟೋ ವರ್ಷ ಆಗಿತ್ತು. ಸಿಟ್ಟು ಮಾತ್ರ ಚಿಗರಕೊಂತ ಇತ್ತು.

ಮೊದಲನೇ ದೊಡ್ಡ ಮಳಿಗೆ ತೋಟ ನಾನು ಅಂದಕೊಂಡಂಗ ಬಸೀತು. ಹೊಂಡ ಅರ್ಧ ತುಂಬ್ತು. ವೀರಭದ್ರಪ್ಪ ಹೊಂಡದ ದಂಡಿಗೆ ಎತ್ತು ಮೈ ತೊಳದ. ಅದನ್ನ ಸಾಹೇಬ್ರು ಮಾಳಿಗಿ ಮ್ಯಾಲಿಂದ ನೋಡಿದ್ರು. ಮರುದಿವಸ ಕಲ್ಲು, ಕೆಸರು, ಗೊಬ್ಬರದ ಖಾಲಿ ಚೀಲ ತುಂಬಿ ಕೋಡಿ ಮುಚ್ಚಿಬಿಟ್ರು.

ಆಮ್ಯಾಲೆ ಜಡಿಮಳಿ ಹಿಡೀತು. ಗಿರಿಜಮ್ಮಾರು ಫೋನ್ ಹಚ್ಚಿ, ಮಡಿ ಮುಳಗಾಕತ್ಯಾವ, ಲಗೂ ಬರ್ರಿ ಅಂದ್ರು. ಹೋಗಿ ನೋಡಿದ್ರ ಪಪ್ಪಾಯಿ ಎಲಿ ಹಳದಿ ಆಗಿ ಜೋತು ಬಿದ್ದಿದ್ವು. ಪಪ್ಪಾಯಿ ಎಲ್ಲಕ್ಕಿಂತ ನಾಜೂಕು, ಮೊದಲ ಸಾಯೋದು ಅದ. ಸಾಹೇಬ್ರು ಒಡ್ಡಿನ ಮ್ಯಾಲೆ ಖುರ್ಚಿ ಹಾಕಿಕೊಂಡು, ಛತ್ರಿ ಹಿಡದು, ಸಲಕಿ ಬಾಜು ಇಟ್ಟುಕೊಂಡು ಕುಂತಿದ್ರು. ಗಡಿ ಕಾಯೋ ಸಿಪಾಯಿನೂ ಹಂಗ ಕುಂದ್ರಂಗಿಲ್ಲ.

ನಾನು ಸಮಾಧಾನಲೆ ಹೇಳಿದೆ: ನೀರು ಬಿಡದಿದ್ರ ಮೊದಲ ಪಪ್ಪಾಯಿ, ಆಮ್ಯಾಲೆ ಲಿಂಬಿ, ಮಲ್ಲಿಗಿ, ಒಂದರ ಹಿಂದ ಒಂದು ಹೋಗ್ತಾವ.

"ನನ್ನ ಹೊಲದಾಗ ಬಿದ್ದ ಮಳಿ ಐತಿ. ಅವನ ಎತ್ತು ತೊಳಿಲಿಕ್ಕೆ ನಾ ಯಾಕ ಬಿಡ್ಲಿ? ಬೇಕಾದ್ರ ಅವ ಬಂದು ಕೇಳ್ಲಿ, ಬಿಡ್ತೀನಿ."

ಕೆಳಗ ವೀರಭದ್ರಪ್ಪನ ಕಡಿ ಹೋದೆ. ಆತ ದನದ ಕೊಟ್ಟಿಗಿಯಾಗ ಕುಂತು ಎಲಿ ಅಡಕಿ ಮಡಚಾಕತ್ತಿದ್ದ. ಒಂದು ಮಾತು ಕೇಳ್ರಿ, ನಿಮ್ಮ ಹೊಂಡ ತುಂಬ್ತದ, ಅವರ ಗಿಡ ಉಳಿತಾವ ಅಂದೆ.

"ಮಳಿ ಏನು ಅವನ ಇಲಾಖಿದೇನೋ? ಅರ್ಜಿ ಕೊಟ್ಟು ನೀರು ತಗೊಳ್ಳಾಕ? ಬಿಡ್ತೀನಿ ಅಂತ ಅವನ ಬಂದು ಹೇಳ್ಲಿ, ಹಾಯಿಸ್ಕೋತೀನಿ."

ನಮ್ಮ ಕಡಿ ಮಂದಿಗೆ ನೀರು ಹಿಡಿಯೋದು ಗೊತ್ತು, ಬಿಡೋದು ಗೊತ್ತಿಲ್ಲ. ಒಡ್ಡು ಹಾಕು ಅಂದ್ರ ಊರಿಗೂರ ಸಲಕಿ ತಗೊಂಡು ಬರ್ತದ. ಕೋಡಿ ಇಡು ಅಂದ್ರ ಆಸ್ತಿ ಬರಕೊಡು ಅಂದಂಗ ಮಾರಿ ಮಾಡ್ತಾರ. ಆದ್ರ ಇವರಿಬ್ಬರದು ನೀರಿನ ಆಸಿನೂ ಅಲ್ಲ. ಆಸಿ ಇದ್ರ ನಾ ಮರ್ಯಾದಿ ಕೊಡ್ತಿದ್ದೆ. ಒಬ್ಬವ ಕೊಡಂಗಿಲ್ಲ ಅಂತಾನ, ಇನ್ನೊಬ್ಬ ತಗೊಳಂಗಿಲ್ಲ ಅಂತಾನ, ನಡುವ ಸಾಯೋದು ಆ ಹೆಣ್ಮಗಳ ಗಿಡ.

ಬೀಗರು ಬಿಜ್ಜರು ನಾಕು ಮಂದಿ ಹಿರೇರು ಪಂಚಾಯ್ತಿ ಮಾಡಲಿಕ್ಕೆ ಬಂದ್ರು. ಮಳಿಯಾಗ ಬಿಸಿಬಿಸಿ ಮಿರ್ಚಿ ಭಜಿ ತಿಂದ್ರು, ಮಂಡಾಳ ಒಗ್ಗರಣಿ ತಿಂದ್ರು, ಚಾ ಕುಡದ್ರು. ಇಬ್ಬರೂ ಛಲೋ ಮಂದಿ ಅದೀರಿ, ಹಿಂಗ್ಯಾಕ ಮಾಡ್ತೀರಿ ಅಂದು ಎದ್ದು ಹೋದ್ರು. ಒಡ್ಡಿನ ಕಡಿ ಒಬ್ಬರೂ ಹಾಯಲಿಲ್ಲ, ಕೆಸರು ಇತ್ತಲ್ಲ.

ಅವತ್ತ ಸಂಜಿ ಗಿರಿಜಮ್ಮಾರು ನನ್ನ ಕರದು, ನೀರು ಹೊರಗ ಹೋಗಲಿಕ್ಕೆ ಬ್ಯಾರೆ ದಾರಿನ ಇಲ್ಲೇನು ಅಂತ ಕೇಳಿದ್ರು. ಇತ್ತು. ರಸ್ತಾದ ಗಟಾರ ನಮ್ಮ ತೋಟಕ್ಕಿಂತ ಆಳ ಇತ್ತು. ಆದ್ರ ಅಲ್ಲಿಗೆ ಹರಿ ತೋಡಬೇಕಂದ್ರ ಗೇಟಿನ ಮುಂದಿನ ಇಳಕಲು ಒಡೀಬೇಕು. ಹೆಸರಿನ ಕಲ್ಲಿನ ನಡುವ ಹಾಯಬೇಕು. ಅದನ್ನ ಹೇಳಿದೆ.

ಆಯಮ್ಮ ಕಿಟಕಿ ಹೊರಗ ಮಲ್ಲಿಗಿ ಮಡಿ ನೋಡಿದ್ರು. "ಒಡೀರಿ" ಅಂದ್ರು.

ಮುಂಜಾನೆ ಇಬ್ಬರು ಆಳು ಕರಕೊಂಡು ಹೋಗಿ ಸುತ್ತಿಗಿ ಹಾಕಿಸಿದೆ. ಸಪ್ಪಳ ಕೇಳಿ ಸಾಹೇಬ್ರು ಒಡ್ಡು ಬಿಟ್ಟು ಓಡಿ ಬಂದ್ರು.

"ನಿಮ್ಮಪ್ಪನ ಮನಿ ಅಂತ ತಿಳಕೊಂಡೀ ಏನಲೇ? ಅಲ್ಲಿ ನನ್ನ ಹೆಸರೈತಿ!"

ನಾನು ಬಾಯಿ ತಗಿಯೋದರಾಗ ಗಿರಿಜಮ್ಮಾರು ಬಾಗಲದಾಗ ಬಂದು ನಿಂತ್ರು.

"ಐತಿ, ತಗಿಸಿ ಒಳಗ ಇಡ್ತೀನಿ. ನೀರು ನಿಮ್ಮ ತಮ್ಮನ ಹೊಲಕ್ಕೂ ಬ್ಯಾಡ, ನಿಮ್ಮ ಹೊಲಕ್ಕೂ ಬ್ಯಾಡ. ಗಟಾರಕ್ಕ ಹೋಗ್ಲಿ. ಈಗರೆ ನಿಮಗ ಸಮಾಧಾನ ಆಗಬೇಕಲ್ಲ?"

ಸಾಹೇಬ್ರು ಹೆಂಡ್ತಿ ಮಾರಿ ನೋಡಿದ್ರು, ಸಲಕಿ ನೋಡಿದ್ರು, ಒಳಗ ಹೋಗಿ ಟೀವಿ ಹಚ್ಚಿದ್ರು. ಮಧ್ಯಾಹ್ನದ ಹೊತ್ತಿಗೆ ನೀರು ಗಟಾರಕ್ಕ ಹತ್ತಿತು. ಅಷ್ಟು ಛಲೋ ನೀರು, ಯಾರ ಬಾಯಿಗೂ ಬರದಂಗ, ರಸ್ತಾದ ಕಸಾ ತೊಳಕೊಂಡು ಹೋತು. ವೀರಭದ್ರಪ್ಪ ಬದುವಿನ ಮ್ಯಾಲೆ ನಿಂತು ನೋಡಿದ.

ಕರಿಬೇವು, ನುಗ್ಗಿ ಉಳದ್ವು. ಲಿಂಬಿಯೊಳಗ ಅರ್ಧ ಹೋದ್ವು. ಮಲ್ಲಿಗಿ ಕಿತ್ತು ನೋಡಿದ್ರ ಬೇರು ಕರ್ರಗ ಆಗಿ, ಕೊಳತ ತತ್ತಿ ವಾಸನಿ ಹೊಡಿತಿತ್ತು. ತುದಿಗೆ ಒಂದು ಟೊಂಗಿ ಮಾತ್ರ ಹಸರಿತ್ತು. ಗಿರಿಜಮ್ಮಾರು ಅದನ್ನ ಕತ್ತರಿಸಿಕೊಂಡು ಒಳಗ ಹೋದ್ರು.

ಬ್ಯಾಸಗಿಯೊಳಗ ಆ ಕಡಿ ಹೋಗಿದ್ದೆ. ವೀರಭದ್ರಪ್ಪನ ಹೊಂಡ ಬಿರಕ ಬಿಟ್ಟಿತ್ತು. ಸಾಹೇಬ್ರ ಬೋರು ಬತ್ತಿತ್ತು. ಒಂದ ಟ್ಯಾಂಕರ್ ಇಬ್ಬರ ಮನಿಗೂ ನೀರು ಹಾಕ್ತಿತ್ತು, ಮೊದಲ ಇವರಿಗೆ, ಆಮ್ಯಾಲೆ ಅವರಿಗೆ. ಆ ಡ್ರೈವರ್‌ಗೆ ಇಬ್ಬರೂ ಮರ್ಯಾದಿಲೆ 'ರೀ' ಹಚ್ಚಿ ಮಾತಾಡ್ತಿದ್ರು. ಸಾಹೇಬ್ರು ಗೇಟಿನ ಮುಂದಿನ ಹರಿ ದಾಟಲಿಕ್ಕೆ ಒಂದು ಹಲಗಿ ಹಾಕ್ಯಾರ. ಕಾರು ಹೊರಗ ನಿಲ್ತದ.

ಮಲ್ಲಿಗಿ ಟೊಂಗಿ ಬೇರು ಬಿಟ್ಟು ಪಡಸಾಲಿ ಕಂಬದ ಹಂತ್ಯಾಕ ಅದ ಎಣ್ಣಿ ಡಬ್ಬಿಯೊಳಗ ಚಿಗತಿತ್ತು. ನನಗ ಖುಷಿ ಆತು. ಈ ಸಲ ಮುಂಗಾರಿಗೆ ನೆಲಕ್ಕ ಇಳಿಸೋಣ್ರಿ, ಈಗ ನೀರು ನಿಂದ್ರಂಗಿಲ್ಲ ಅಂದೆ.

ಗಿರಿಜಮ್ಮಾರು ಡಬ್ಬಿ ಬಿಸಲಿನಿಂದ ಒಂದೀಟು ನೆರಳಿಗೆ ಸರಿಸಿದ್ರು.

"ಬ್ಯಾಡ್ರಿ. ನೆಲ ಅವರದು, ಡಬ್ಬಿ ನಂದು."

ಈ ಕೆಲಸ ನನಗ ಕಲಿಸಿದ್ದು ಇಷ್ಟ. ಈಗ ಯಾರರ ತೋಟಕ್ಕ ಕರದ್ರ ಮಣ್ಣಿನ ಪರೀಕ್ಷೆ, ಲೆವೆಲ್ ಪೈಪ್ ಎಲ್ಲಾ ಆಮ್ಯಾಲೆ. ಮೊದಲ, ಕೆಳಗಿನ ಹೊಲ ಯಾರದ್ರಿ ಅಂತ ಕೇಳ್ತೀನಿ. ಬ್ಯಾರೇರದು ಅಂದ್ರ ಕೋಡಿ ಎಲ್ಲಿ ಇಡಬೇಕು ಅಂತ ನೋಡ್ತೀನಿ. ನಮ್ಮ ಅಣ್ಣತಮ್ಮಂದಿರದ ಐತಿ ಅಂದ್ರ, ಮನಿಯಾಗಿನ ಹೆಣ್ಮಕ್ಕಳನ್ನ ಕರದು, ಖಾಲಿ ಡಬ್ಬಿ ಅದಾವೇನ್ರಿ ಅಂತ ಕೇಳ್ತೀನಿ.