ಸುಗಂಧಾಳ ಡಾಕ್ಟರ್ ಸಾಹೇಬರು

ಬೇಮಳಖೇಡದ ಸುಗಂಧಾ ಮೂವತ್ತು ವರ್ಷ ಪಾಂಡುರಂಗ ಸಾಹುಕಾರರ ದನ ನೋಡಿಕೊಂಡವಳು. ಎಮ್ಮೆ ಮೇವು ಮೂಸುವ ರೀತಿ ಕಂಡೇ ಅದರ ಹೊಟ್ಟೆಯ ಸಂಕಟ ಹೇಳುತ್ತಿದ್ದಳು. ಆದರೆ ಅವಳು ಕೂಲಿಯವಳು, ಹೆಂಗಸು, ಅದೂ ಊರಾಚೆಯ ಬುದ್ಧವಿಹಾರದ ದಲಿತರ ಓಣಿಯವಳು. ಇಷ್ಟೆಲ್ಲ ಆಗಿದ್ದವಳಿಗೆ ತಿಳಿವಳಿಕೆಯೂ ಇದೆಯೆಂದರೆ ಊರು ಹೇಗೆ ಒಪ್ಪೀತು?

ಒಂದು ವರ್ಷ ಜೋಳ ಕೊಯ್ದ ಹೊಲಕ್ಕೆ ಅಕಾಲದ ಮಳೆ ಬಿದ್ದು, ಕೂಳೆಯಿಂದ ಹಸಿರು ಚಿಗುರು ಎದ್ದಿತು. ಆ ಎಳೆ ಚಿಗುರು ವಿಷ, ಎತ್ತು ಬಿಡಬೇಡಿ ಎಂದು ಸುಗಂಧಾ ಹೇಳಿದಳು. ಸಾಹುಕಾರರು ನಕ್ಕು ಎತ್ತು ಬಿಟ್ಟರು. ಸಂಜೆಯೊಳಗೆ ಒಂದು ಎತ್ತು ಸತ್ತಿತು. ಕಟ್ಟೆಯ ಮೇಲೆ ಕೂತ ಹಿರಿಯರು ಬಹಳ ಆಲೋಚಿಸಿ, ಇದು ಯಾರದೋ ಕಣ್ಣು ಬಿದ್ದದ್ದೆಂದು ತೀರ್ಮಾನಿಸಿದರು. ಯಾರ ಕಣ್ಣೆಂದು ಬಾಯಿಬಿಟ್ಟು ಹೇಳದಷ್ಟು ದೊಡ್ಡ ಮನಸ್ಸು ಅವರದು. ಸುಗಂಧಾಳತ್ತ ನೋಡಿದರು, ಅಷ್ಟೆ.

ಮರುವರ್ಷವೂ ಚಿಗುರು ಎದ್ದಿತು. ಮಗಳ ಮನೆಗೆಂದು ಹುಮನಾಬಾದಿಗೆ ಹೋಗಿದ್ದ ಸುಗಂಧಾ ಆಟೋ ಇಳಿದವಳೇ ಸಾಹುಕಾರರ ಅಂಗಳಕ್ಕೆ ಬಂದು, ಅಲ್ಲಿಯ ದನದ ದೊಡ್ಡ ಡಾಕ್ಟರು ಆ ಚಿಗುರು ವಿಷವೆಂದರು ಎಂದಳು. ಅಂಥ ಡಾಕ್ಟರು ಯಾರೂ ಇರಲಿಲ್ಲ. ಸಾಹುಕಾರರು ಕೂಡಲೇ ಹೊಲಕ್ಕೆ ಮುಳ್ಳುಬೇಲಿ ಹಾಕಿಸಿ, ಊರಿಗೆಲ್ಲ ಸುದ್ದಿ ಮುಟ್ಟಿಸಿದರು. ಆ ವರ್ಷ ಒಂದು ಕರುವೂ ಸಾಯಲಿಲ್ಲ.

ಆಮೇಲೆ ಸುಗಂಧಾ ಹೇಳಬೇಕಾದ್ದನ್ನೆಲ್ಲ ಆ ಡಾಕ್ಟರ ಹೆಸರಲ್ಲೇ ಹೇಳಿದಳು; ಡಾಕ್ಟರ ಕೀರ್ತಿ ಬೆಳೆಯಿತು. ಅವರು ಬಲು ಓದಿದವರು, ಎತ್ತರದ ಆಳು ಎಂದು ಜನ ಕಂಡವರಂತೆ ಹೇಳತೊಡಗಿದರು. ಸುಗಂಧಾಳಿಗೆ ಒಳಗೊಳಗೇ ನಗು. ಆಮೇಲಾಮೇಲೆ, ತಾನೇ ಹುಟ್ಟಿಸಿದ ಮನುಷ್ಯನ ಮೇಲೆ ಹೊಟ್ಟೆಕಿಚ್ಚು.

ಕಡೆಗೊಂದು ದಿನ ಸಾಹುಕಾರರು ಡಾಕ್ಟರಿಗೆ ಶಾಲು ಹೊದಿಸಲು ಹುಮನಾಬಾದಿಗೇ ಹೋದರು. ದಿನವಿಡೀ ಹುಡುಕಿ, ಶಾಲಿನೊಂದಿಗೇ ಕಾಲೆಳೆಯುತ್ತ ಮರಳಿದರು. ಸುಗಂಧಾ ಸಗಣಿ ಕೈ ತೊಳೆದು ಎದುರು ನಿಂತಳು.

“ಯಾವ ಡಾಕ್ಟರೂ ಇಲ್ರಿ ಸಾವ್ಕಾರ್ರ. ಹೇಳಿದ್ದೆಲ್ಲಾ ನಾನೇ. ನಾ ಅಂದ್ರ ನೀವು ಎಲ್ಲಿ ಕೇಳ್ತಿದ್ರಿ?”

ಸಾಹುಕಾರರು ಶಾಲನ್ನು ಗೂಟಕ್ಕೆ ಹಾಕಿದರು.

“ವರ್ಗಾ ಆಗ್ಯಾರ ಅಂತ ಸೀದಾ ಹೇಳು. ಸುಳ್ಳ್ಯಾಕ ಹೇಳಾಕತ್ತಿ?”

ಸುಗಂಧಾ ಸ್ವಲ್ಪ ಯೋಚಿಸಿದಳು. “ಹೌದ್ರಿ,” ಅಂದಳು, “ಬಸವಕಲ್ಯಾಣಕ್ಕ ಹೋಗ್ಯಾರ.”

ಸಾಹುಕಾರರ ಮುಖ ತಿಳಿಯಾಯಿತು. ಗಬ್ಬದ ಎಮ್ಮೆ ಎರಡು ದಿನದಿಂದ ಮೇವು ಮುಟ್ಟುತ್ತಿಲ್ಲ, ಫೋನು ಹಚ್ಚಿ ಕೇಳು ಎಂದರು. ಸುಗಂಧಾ ಗೋಡೆಯಾಚೆ ಹೋಗಿ, ಫೋನನ್ನು ಕಿವಿಗಿಟ್ಟು ತನ್ನೊಂದಿಗೇ ನಾಲ್ಕು ಮಾತಾಡಿ ಬಂದಳು. ಎಮ್ಮೆಗೆ ಅಜವಾನದ, ಅಂದರೆ ಓಮಿನ, ಕಷಾಯ ಕುಡಿಸಬೇಕಂತೆ. ಅದನ್ನು ನೋಡಿಕೊಳ್ಳುವವಳಿಗೆ ಎರಡು ದಿನ ಬೇರೆ ಕೆಲಸ ಹೇಳಬಾರದಂತೆ. ಎರಡಕ್ಕೂ ಸಾಹುಕಾರರು ಮರುಮಾತಾಡದೆ ಒಪ್ಪಿದರು.