ಬೇಡವೆಂದ ಮೇಲೂ ಬಂದ ಉತ್ತರ

ಇದು ನಡೆದದ್ದು. ನಂಬಿ ಎಂದು ಗೋಗರೆಯುವುದಿಲ್ಲ. ನಂಬದಿರಲು ನಾನೇ ಎಷ್ಟೋ ಪ್ರಯತ್ನಪಟ್ಟು ಸೋತಿದ್ದೇನೆ. ಇದರಲ್ಲಿ ನನ್ನ ಹೊಟ್ಟೆಕಿಚ್ಚನ್ನೂ ಹೇಳಲೇಬೇಕು. ಅದನ್ನು ಬಿಟ್ಟರೆ ಆ ರಾತ್ರಿ ಯಾರಿಗೂ ಅರ್ಥವಾಗುವುದಿಲ್ಲ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನಾವು ಮಾಡುವುದು ಸುಳ್ಳು ಪೆನ್‌ಡ್ರೈವ್. ಕೈಯಲ್ಲಿ ಹಿಡಿಯಲು ಏನೂ ಇರುವುದಿಲ್ಲ, ಬರೀ ಸಾಫ್ಟ್‌ವೇರ್. ಆದರೆ ಕಂಪ್ಯೂಟರ್ ಮಾತ್ರ ನಿಜವಾದದ್ದನ್ನೇ ಚುಚ್ಚಿದ್ದಾರೆ ಎಂದು ನಂಬಿ, "ಈ ಪುಟ ಕೊಡು" ಎಂದು ಕೇಳುತ್ತದೆ. ನಮ್ಮ ಪೆನ್‌ಡ್ರೈವ್ ಆ ಕೋರಿಕೆಯನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡಂತೆ ಇಟ್ಟುಕೊಂಡು ಹುಡುಕಲು ಹೋಗುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ "ಬೇಡ ಬಿಡು" ಎಂದರೆ ಚೀಟಿಯನ್ನು ಹರಿದು ಹಾಕಬೇಕು. ಹರಿಯದಿದ್ದರೆ ಉತ್ತರ ತಡವಾಗಿ ಬಂದು ಬೇರೆ ಯಾರದೋ ಕೈಗೆ ಬೀಳುತ್ತದೆ.

ನಮ್ಮಲ್ಲಿ ಆಗುತ್ತಿದ್ದದ್ದು ಅದೇ. ಎಲ್ಲಿ ತಪ್ಪಿದೆ ಎಂದು ನಾನು ಮೂರು ತಿಂಗಳು ತಡಕಾಡಿದೆ. ವಿಜಯಪುರದಿಂದ ಬಂದು ಬಿಟಿಎಂನ ಪಿಜಿಯಲ್ಲಿದ್ದ ರೇಣುಕಾ, ಸೇರಿ ಇನ್ನೂ ವರ್ಷವಾಗದ ಹುಡುಗಿ, ನಾಲ್ಕೇ ದಿನದಲ್ಲಿ ಹಿಡಿದುಬಿಟ್ಟಳು. ಚೀಟಿ ಹರಿಯಲೆಂದು ಅವಳು ಸೇರಿಸಿದ್ದು ಒಂದೇ ಒಂದು ಸಾಲು.

"ಸುಧಾ, ನೋಡಿದ್ರಾ? ಈ ಹುಡುಗಿ ಸಖತ್ ಶಾರ್ಪ್ ಕಣ್ರೀ," ಎಂದರು ಮ್ಯಾನೇಜರ್ ಪ್ರಸನ್ನ, ಎಲ್ಲರೆದುರು, ನನಗೇ.

ಸೋಮವಾರ ಕ್ಲೈಂಟ್ ಮುಂದೆ ಡೆಮೊ. ಅದು ಸರಿಹೋದರೆ ಟೀಮ್ ಲೀಡ್ ಅವಳೇ. ಎಂಟು ವರ್ಷದಿಂದ ನಾನು ಕಾದು ಕೂತಿದ್ದ ಕುರ್ಚಿ ಅದು. ಅವಳು ಡಬ್ಬಿ ಬಿಚ್ಚಿದಾಗ ಬರುವ ಶೇಂಗಾ ಚಟ್ನಿಯ ವಾಸನೆ ಕೂಡ ನನಗೆ ಸಹಿಸಲಾಗುತ್ತಿರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ. ಯಾರು ಏನು ಬರೆದರೂ ಇನ್ನೊಬ್ಬರು ನೋಡಿ ಒಪ್ಪಬೇಕು. ಶುಕ್ರವಾರ ಸಂಜೆ ರೇಣುಕಾ ಬ್ಯಾಗ್ ಏರಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕಾರ, ಒಂದ್ಸರ್ತಿ ನೀವು ನೋಡ್ರಿ. ನೀವು ನೋಡಿದ್ರ ನನಗ ಧೈರ್ಯ ಬರ್ತದ."

"ಹೂಂ, ನೋಡ್ತೀನಿ. ನೀನು ಹೊರಡು," ಎಂದೆ.

ಎಲ್ಲರೂ ಹೋದರು. ಮೊದಲು ಪ್ರಸನ್ನ ಅವರಿಗೆ ಮೆಸೇಜ್ ಬರೆದೆ: 'ಆ ಸಾಲನ್ನು ರೇಣುಕಾಗೆ ಹೇಳಿಕೊಟ್ಟಿದ್ದೇ ನಾನು. ಅವಳು ನನ್ನ ಹೆಸರು ಎತ್ತಲಿಲ್ಲ.' ಹಸಿ ಸುಳ್ಳು. ಕಳಿಸಲು ಕೈ ಬರಲಿಲ್ಲ, ಅಳಿಸಿದೆ. ಆದರೆ ಉರಿ ಆರಲಿಲ್ಲ. ಅವಳ ಆ ಒಂದು ಸಾಲನ್ನೇ ತೆಗೆದುಹಾಕಿದೆ. ಡೆಮೊ ಕೆಡಲಿ, ಎಲ್ಲರೆದುರು ಅವಳ ಮುಖ ಬಾಡಲಿ ಎಂದುಕೊಂಡೆ. ಅದನ್ನೇ ನಾನು ಬಯಸಿದ್ದೆ.

ಕೆಡುತ್ತದೆಯೇ ಎಂದು ಪರೀಕ್ಷಿಸಬೇಕಿತ್ತಲ್ಲ... ಎಂಟೂವರೆ ಗಂಟೆ. ಕೆಳಗೆ ಸೀರೆ ಅಂಗಡಿಯ ಷಟರ್ ಗಡಗಡ ಎಂದು ಇಳಿಯಿತು.

ಯಾರ ಕೋರಿಕೆ ಎಂದು ಗೊತ್ತಾಗಲಿ ಎಂದು ನಾವು ಪರೀಕ್ಷೆಯ ಪುಟದ ತುಂಬ ನಮ್ಮ ಹೆಸರನ್ನೇ ಬರೆದಿಡುತ್ತೇವೆ. ನಾನು ನನ್ನ ಹೆಸರು ತುಂಬಿದೆ. ಆ ಪುಟ ಕೇಳಿದೆ, ತಕ್ಷಣ ಬೇಡವೆಂದೆ. ಆಮೇಲೆ ಬೇರೊಂದು ಖಾಲಿ ಪುಟ ಕೇಳಿದೆ. ಚೀಟಿ ಹರಿಯದೆ ಉಳಿದಿದ್ದರೆ ಆ ಜಾಗದಲ್ಲಿ ನನ್ನ ಹೆಸರು ಬಂದು ಬೀಳಬೇಕು.

ಬಂತು... ನನ್ನದಲ್ಲ. ಪರದೆಯ ತುಂಬ ರೇಣುಕಾ, ರೇಣುಕಾ, ರೇಣುಕಾ.

ಅವಳ ಹಳೆಯ ಪರೀಕ್ಷೆಯ ಉಳಿಕೆ ಇರಬೇಕು ಎಂದುಕೊಂಡೆ. ಫೈಲ್ ಅಳಿಸಿ ಹೊಸದು ಮಾಡಿದೆ. ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಕೇಳಿದೆ, ಬೇಡವೆಂದೆ.

ಮತ್ತೆ ರೇಣುಕಾ.

ಆಗ ಆ ವಾಸನೆ ಬಂತು. ಶೇಂಗಾ ಚಟ್ನಿ... ಈಗಷ್ಟೇ ಯಾರೋ ಡಬ್ಬಿ ಬಿಚ್ಚಿದ ಹಾಗೆ. ಅವಳ ಮೇಜು ಖಾಲಿ, ಕುರ್ಚಿ ಒಳಗೆ ತಳ್ಳಿಟ್ಟಂತೆಯೇ ಇತ್ತು. ಏಸಿ ಆಫ್ ಆಗಿ ಒಂದು ಗಂಟೆಯಾಗಿದ್ದರೂ ನನ್ನ ಕಾಲು ತಣ್ಣಗಾಗಿತ್ತು.

ಕೊನೆಯ ಸಲ ಎಂದು ಇನ್ನೊಮ್ಮೆ ಒತ್ತಿದೆ. ಈ ಸಲ ಹೆಸರಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಒಂದು ಕನ್ನಡದ ಸಾಲು.

'ಅಕ್ಕಾರ, ನೋಡಿದ್ರೇನ್ರಿ?'

 ತಕ್ಷಣ ಅವಳಿಗೆ ಫೋನ್ ಮಾಡಿದೆ.

"ರೇಣುಕಾ... ಆಫೀಸ್ ಮಿಷನ್‌ಗೆ ಏನಾದ್ರೂ ಕಳಿಸಿದ್ಯಾ ಈಗ?"

"ಇಲ್ರಿ ಅಕ್ಕಾರ, ಪಿಜಿನಾಗ ಊಟಕ್ಕ ಕುಂತೀನಿ. ಲ್ಯಾಪ್‌ಟಾಪ್ ಮುಟ್ಟೇ ಇಲ್ಲ." ನಾಚಿಕೊಂಡಂತೆ ದನಿ ತಗ್ಗಿಸಿದಳು. "ನಿಮಗ ಒಂದ್ ಮೆಸೇಜ್ ಬರದಿದ್ದೆ ರೀ, ನೋಡಿದ್ರೇನು ಅಂತ. ದೊಡ್ಡೋರಿಗೆ ಅವಸರ ಮಾಡಬಾರದು ಅಂತ ಅನ್ನಿಸ್ತು. ಕಳಸಲಿಲ್ಲ, ಅಳಿಸಿಬಿಟ್ಟೆ."

"ಏನ್ ಊಟ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ರೊಟ್ಟಿ, ಶೇಂಗಾ ಚಟ್ನಿ ರೀ. ಯಾಕ್ ಅಕ್ಕಾರ?"

ನಾನು ಫೋನ್ ಇಟ್ಟೆ. ಅವಳ ಸಾಲನ್ನು ಇದ್ದ ಜಾಗದಲ್ಲೇ ವಾಪಸ್ ಬರೆದೆ, 'ನೋಡಿದೆ, ಸರಿಯಿದೆ' ಎಂದು ಒಪ್ಪಿಗೆ ಹಾಕಿದೆ. ಮತ್ತೆ ಪರೀಕ್ಷಿಸಿದಾಗ ಪುಟ ಖಾಲಿಯೇ ಬಂತು. ಲೈಟ್ ಆರಿಸುವಷ್ಟೂ ನಿಲ್ಲದೆ ಮೆಟ್ಟಿಲಿಳಿದು ಓಡಿದೆ.

ಸೋಮವಾರದ ಡೆಮೊ ಚೆನ್ನಾಗಿಯೇ ಆಯಿತು. ರೇಣುಕಾ ಲೀಡ್ ಆದಳು. ಎಲ್ಲರ ಹಿಂದೆ ನಾನೂ ಹೋಗಿ ಕೈ ಕುಲುಕಿದೆ. ಹೊಟ್ಟೆಕಿಚ್ಚು ಹೋಗಿತ್ತು ಎಂದರೆ ಸುಳ್ಳಾಗುತ್ತದೆ.

"ಥ್ಯಾಂಕ್ಸ್ ಮೇಡಂ," ಎಂದಳು.

ಮೇಡಂ... ಅಂದಿನಿಂದ ಒಮ್ಮೆಯೂ ಅಕ್ಕಾರ ಎಂದಿಲ್ಲ. ತಾನು ಬರೆದದ್ದನ್ನು ಬೇರೆಯವರಿಗೆ ತೋರಿಸುತ್ತಾಳೆ, ನನಗೆ ಮಾತ್ರ ಕೊಡುವುದಿಲ್ಲ. ಆಫೀಸಿನಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಪ್ರಸನ್ನ ಅವರಿಗೆ ಆ ಮೆಸೇಜ್ ಹೋಗಿಲ್ಲ, ನನಗದು ಖಾತ್ರಿ.

ಅವಳು ಅಳಿಸಿದ್ದು ನನಗೆ ಬಂತು. ಹಾಗಾದರೆ ಅದೇ ರಾತ್ರಿ ನಾನು ಬರೆದು ಅಳಿಸಿದ ಆ ಎರಡು ಸಾಲಿನ ಸುಳ್ಳು ಅವಳಿಗೆ...

ಅವಳನ್ನೇ ಕೇಳಿಬಿಡೋಣ ಎಂದು ಎಷ್ಟೋ ಸಲ ಫೋನ್ ಕೈಗೆ ತೆಗೆದುಕೊಂಡಿದ್ದೇನೆ. ಬರೆದರೆ ಕಳಿಸುವ ಧೈರ್ಯ ಬರುವುದಿಲ್ಲ, ಅಳಿಸುವ ಧೈರ್ಯವಂತೂ ಈಗ ಇಲ್ಲವೇ ಇಲ್ಲ. ಹಾಗಾಗಿ ಒಂದಕ್ಷರವನ್ನೂ ಒತ್ತದೆ ಫೋನ್ ಕೆಳಗಿಡುತ್ತೇನೆ.